ಎಲೆಕ್ಟ್ರಿಷಿಯನ್ ಕರೆಯುವ ಮುನ್ನ

ಗೊರೂರಿನಲ್ಲಿ ಮಳೆಗಾಲ ಅಂದರೆ ನಮ್ಮ ಮನೆಗೆ ವ್ಯಾಪಾರದ ಕಾಲ. ಹೇಮಾವತಿ ಜಲಾಶಯ ತುಂಬಿ ಗೇಟ್ ತೆರೆದ ಸುದ್ದಿ ಬಂದರೆ ಸಾಕು, ಹಾಸನ, ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಜನ ನೋಡಲು ಬರುತ್ತಾರೆ. ಅಬ್ಬಾ ಅವರ ಚಿಕ್ಕ ಅಂಗಡಿಯಲ್ಲಿ ಟೀ, ಬಿಸ್ಕೆಟ್, ಐಸ್‌ಕ್ರೀಂ ಚೆನ್ನಾಗಿ ಹೋಗುತ್ತದೆ. ಅದಕ್ಕೆಂದೇ ಕಳೆದ ವರ್ಷ ಒಂದು ಹಳೆಯ ಡೀಪ್ ಫ್ರೀಜರ್ ತಂದರು.

ಅದಕ್ಕೆ ಪ್ಲಗ್ ಪಾಯಿಂಟ್ ಹಾಕಲು ಪರಿಚಯದವರೊಬ್ಬರು ಹೇಳಿದ ವ್ಯಕ್ತಿ ಬಂದರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ 600 ರೂಪಾಯಿ ತೆಗೆದುಕೊಂಡರು. ಬಿಲ್ ಕೊಡಲಿಲ್ಲ. ಪ್ಲಗ್‌ನಲ್ಲಿ ಮೂರು ಪಿನ್ ಇದ್ದರೂ ಅವರು ಎರಡೇ ವೈರ್ ಎಳೆದಿದ್ದನ್ನು ನೋಡಿ, ಮೂರನೆಯದು ಎಲ್ಲಿ ಎಂದು ಕೇಳಿದೆ. “ಎರಡು ಸಾಕು ಕಣಪ್ಪ, ಓಡ್ತಾ ಇದೆಯಲ್ಲ?” ಎಂದರು. ಫ್ರೀಜರ್ ಓಡುತ್ತಿತ್ತು. ನಾನೂ ಸುಮ್ಮನಾದೆ.

ಎಂಟನೇ ದಿನ ಅಂಗಡಿಯ ನೆಲ ಒರೆಸುತ್ತಿದ್ದ ಅಮ್ಮಿ ಒದ್ದೆ ಕಾಲಲ್ಲೇ ಫ್ರೀಜರ್ ಮುಟ್ಟಿದರು. ಅವರು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ದೇವರ ದಯೆ, ಶಾಕ್ ಅವರನ್ನು ಹಿಂದಕ್ಕೆ ತಳ್ಳಿತು, ಹಿಡಿದುಕೊಳ್ಳಲಿಲ್ಲ. ಎರಡು ದಿನ ಕೈ ನೋವಿತ್ತು, ಅಷ್ಟೇ. ಆದರೆ ಆ ರಾತ್ರಿ ಅಬ್ಬಾ ಊಟ ಮಾಡಲಿಲ್ಲ.

ಮರುದಿನ ಮಾಮು ಹಾಸನದಿಂದ ಇನ್ನೊಬ್ಬ ಎಲೆಕ್ಟ್ರಿಷಿಯನ್ ಅವರನ್ನು ಕರೆತಂದರು. ಅವರಿಂದ ಕಲಿತದ್ದನ್ನೂ ಆಮೇಲೆ ನಾನೇ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೂರನೇ ವೈರ್ ಏಕೆ ಬೇಕು?

ಅವರು ಮೊದಲು ಒಂದು ಹೋಲ್ಡರ್ ಬಲ್ಬನ್ನು ಫೇಸ್ ಮತ್ತು ನ್ಯೂಟ್ರಲ್ ನಡುವೆ ಇಟ್ಟರು, ಉರಿಯಿತು. ಫೇಸ್ ಮತ್ತು ಅರ್ಥ್ ನಡುವೆ ಇಟ್ಟರು, ಉರಿಯಲಿಲ್ಲ. “ನೋಡಿ ಸಾಬ್ರೇ, ನಿಮ್ಮ ಅಂಗಡಿಗೆ ಅರ್ಥಿಂಗೇ ಇಲ್ಲ” ಎಂದರು. (ಈ ಪರೀಕ್ಷೆ ಅವರ ಕೆಲಸ. ನಾವು ಮಾಡಬಾರದು.)

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಯಂತ್ರದೊಳಗೆ ವೈರ್ ಸವೆದು ಕಬ್ಬಿಣದ ಮೈಗೆ ತಗುಲಿದರೆ ಆ ಮೈಗೆಲ್ಲ ಕರೆಂಟ್ ಬರುತ್ತದೆ. ಅರ್ಥ್ ವೈರ್ ಇದ್ದರೆ ಆ ಕರೆಂಟ್ ಅದರ ಮೂಲಕ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಯಾರು ಮುಟ್ಟುತ್ತಾರೋ ಅವರ ದೇಹದ ಮೂಲಕ ಹೋಗುತ್ತದೆ. ಅಂದರೆ ಅಂದು ನಮ್ಮ ಅಂಗಡಿಯಲ್ಲಿ ಮೂರನೇ ವೈರ್ ಆಗಿದ್ದವರು ಅಮ್ಮಿ.

“ಎಂಸಿಬಿ ಇತ್ತಲ್ಲ, ಅದೇಕೆ ಬೀಳಲಿಲ್ಲ?” ಎಂದು ನಾನು ಕೇಳಿದೆ. ನಮ್ಮಲ್ಲಿ ಬಹಳ ಜನಕ್ಕೆ ಇರುವ ತಪ್ಪು ತಿಳಿವಳಿಕೆ ಇದೇ. ಎಂಸಿಬಿ ಇರುವುದು ಲೋಡ್ ಹೆಚ್ಚಾದಾಗ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ ವೈರ್ ಸುಡದಂತೆ ಕಾಪಾಡಲು. 16 ಆಂಪಿಯರ್ ಎಂಸಿಬಿ 16 ಆಂಪಿಯರ್ ದಾಟುವವರೆಗೆ ಸುಮ್ಮನಿರುತ್ತದೆ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗವೇ ಸಾಕು. ಜನರನ್ನು ಕಾಪಾಡುವ ಸಾಧನ ಬೇರೆ, ಅದರ ಹೆಸರು ಆರ್‌ಸಿಸಿಬಿ. ಹೋದ ಕರೆಂಟ್ ಅಷ್ಟೇ ಪ್ರಮಾಣದಲ್ಲಿ ವಾಪಸ್ ಬಂತೇ ಎಂದು ಅದು ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್‌ನಷ್ಟು ಕರೆಂಟ್ ಬೇರೆ ದಾರಿ ಹಿಡಿದರೆ ತಕ್ಷಣ ಲೈನ್ ಕತ್ತರಿಸುತ್ತದೆ. ನಮ್ಮ ಅಕೌಂಟೆನ್ಸಿಯಲ್ಲಿ ಡೆಬಿಟ್, ಕ್ರೆಡಿಟ್ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎನ್ನುತ್ತೇವಲ್ಲ, ಹಾಗೆ.

ನಂಬಿಕಸ್ಥರನ್ನು ಗುರುತಿಸುವುದು ಹೇಗೆ?

ಮೊದಲನೆಯದು ಪರವಾನಗಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗ್ ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ಕರ್ನಾಟಕದಲ್ಲಿ ಗುತ್ತಿಗೆದಾರರ ಲೈಸೆನ್ಸ್, ಸೂಪರ್‌ವೈಸರ್ ಮತ್ತು ವೈರ್‌ಮನ್ ಪರ್ಮಿಟ್‌ಗಳನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಅದನ್ನು ತೋರಿಸಿ ಎಂದು ಕೇಳುವುದು ಅವಮಾನವಲ್ಲ. ಮಾಮು ಕರೆತಂದವರು ನಾವು ಕೇಳುವ ಮುಂಚೆಯೇ ಪರ್ಮಿಟ್ ತೋರಿಸಿದರು. ಐಟಿಐ ಓದಿದ್ದರೆ ಒಳ್ಳೆಯದು, ಆದರೆ ಐಟಿಐ ಸರ್ಟಿಫಿಕೇಟ್ ಬೇರೆ, ಪರ್ಮಿಟ್ ಬೇರೆ.

ಎರಡನೆಯದು ಅವರು ಕೇಳುವ ಪ್ರಶ್ನೆಗಳು. ಒಳ್ಳೆಯ ಕೆಲಸಗಾರರು ಬಂದ ತಕ್ಷಣ ಗೋಡೆ ಕೊರೆಯುವುದಿಲ್ಲ. ಯಾವ ಯಾವ ಯಂತ್ರ ಇದೆ, ಎಷ್ಟು ವ್ಯಾಟ್, ಮುಂದೆ ಏನು ತರುತ್ತೀರಿ ಎಂದು ಕೇಳಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ನಮಗೂ ಬರುತ್ತದೆ: ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಸುಮಾರಾಗಿ ಆಂಪಿಯರ್ ಸಿಗುತ್ತದೆ. 2000 ವ್ಯಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು ಲೈಟಿನ ತೆಳು ವೈರಿಗೆ ಜೋಡಿಸಿದರೆ ವೈರ್ ಕಾಯುತ್ತದೆ. ಸಾಮಾನ್ಯವಾಗಿ ಲೈಟು, ಫ್ಯಾನಿಗೆ 1.5 ಚದರ ಮಿಲಿಮೀಟರ್, ಪವರ್ ಪ್ಲಗ್‌ಗೆ 2.5, ದೊಡ್ಡ ಗೀಸರ್, ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕುತ್ತಾರೆ. ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಕಾರಣ ಹುಡುಕದೆ “ದೊಡ್ಡದು ಹಾಕಿಬಿಡೋಣ” ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿ.

ಮೂರನೆಯದು ಬರೆದುಕೊಟ್ಟ ಲೆಕ್ಕ. ಸಾಮಾನಿಗೆ ಎಷ್ಟು, ಕೂಲಿ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಸಾಧ್ಯವಾದರೆ ಇಬ್ಬರಿಂದ ಕೊಟೇಶನ್ ಪಡೆಯಿರಿ. ವೈರ್ ಸುರುಳಿಯ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. ಸಾಮಾನಿನ ಬಿಲ್ ನಿಮ್ಮ ಹತ್ತಿರವೇ ಇರಲಿ. ದ್ವಿತೀಯ ಪಿಯುಸಿ ಬಿಸಿನೆಸ್ ಸ್ಟಡೀಸ್‌ನಲ್ಲಿ ಗ್ರಾಹಕ ಸಂರಕ್ಷಣೆ ಎಂಬ ಪಾಠವಿದೆ. ಅದರಲ್ಲಿ ಮೊದಲು ಬರುವುದೇ ಸುರಕ್ಷತೆಯ ಹಕ್ಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಆದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ ಏನೆಂದು ವಾದಿಸುವುದು? ನಮ್ಮ ಹತ್ತಿರ 600 ರೂಪಾಯಿಗೆ ಯಾವ ದಾಖಲೆಯೂ ಇರಲಿಲ್ಲ.

ನಾಲ್ಕನೆಯದು, ತಮ್ಮ ಕೆಲಸದ ಮಿತಿ ಅರಿತಿರುವುದು. ಮೀಟರ್‌ವರೆಗಿನ ಲೈನ್ ವಿದ್ಯುತ್ ಕಂಪನಿಯದು, ನಮ್ಮ ಜಿಲ್ಲೆಯಲ್ಲಿ ಅದು ಸೆಸ್ಕ್. ಕಂಬ ಹತ್ತುತ್ತೇನೆ, ಮೀಟರ್ ಸೀಲ್ ಬಿಚ್ಚುತ್ತೇನೆ ಎನ್ನುವವರು ಎಷ್ಟೇ ಚುರುಕಾಗಿದ್ದರೂ ಬೇಡ. ಅಂಥ ತೊಂದರೆಗೆ 1912ಕ್ಕೆ ಫೋನ್ ಮಾಡಬೇಕು. ಮದುವೆಗೆ ಸೀರಿಯಲ್ ಲೈಟ್ ಹಾಕಲು ಕಂಬದಿಂದ ನೇರವಾಗಿ ಕೊಕ್ಕೆ ಹಾಕುವುದೂ ಇದೇ ತಪ್ಪು.

ಖರ್ಚಿನ ಮಾತು

ಹೊಸ ಅರ್ಥಿಂಗ್‌ಗೆ ಅಂಗಡಿ ಹಿಂದೆ ಗುಂಡಿ ತೆಗೆದು, ಪೈಪ್ ಇಳಿಸಿ, ಇದ್ದಿಲು, ಉಪ್ಪು ತುಂಬಿದರು. ಫ್ರೀಜರಿನ ಒಳಗೆ ಸವೆದಿದ್ದ ವೈರ್ ಬದಲಿಸಿ, ಮೂರು ವೈರಿನ ಹೊಸ ಲೈನ್ ಎಳೆದು, ಆರ್‌ಸಿಸಿಬಿ ಹಾಕಿದರು. ಕೊನೆಗೆ ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿ, ಲೈನ್ ಬಿದ್ದದ್ದನ್ನು ಅಮ್ಮಿಗೆ ತೋರಿಸಿದರು. “ಆಗಾಗ ಹೀಗೆ ಒತ್ತಿ ನೋಡ್ತಿರಿ ಅಕ್ಕಾ. ಬೇಸಿಗೇಲಿ ಆ ಗುಂಡಿಗೆ ನೀರು ಹಾಕೋದು ಮರೀಬೇಡಿ” ಎಂದರು. ಒಟ್ಟು 7,000 ರೂಪಾಯಿ ದಾಟಿತು. ಅಬ್ಬಾ ಮುಖ ನೋಡಿ ನಾನು, “ಇದು ರೆವಿನ್ಯೂ ಖರ್ಚಲ್ಲ ಅಬ್ಬಾ, ಕ್ಯಾಪಿಟಲ್ ಖರ್ಚು” ಎಂದೆ. ಎಷ್ಟೋ ದಿನಗಳ ಮೇಲೆ ಅವರು ನಕ್ಕರು.

ನಮ್ಮ ಮನೆಯಲ್ಲಿ ಆಡುವ ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡ ಪತ್ರಿಕೆಯಲ್ಲಿ ಓದುವಾಗ ‘ಅಮಾನತು’ ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುವುದು. ಎಲೆಕ್ಟ್ರಿಷಿಯನ್ ವಿಷಯದಲ್ಲಿ ಎರಡು ಅರ್ಥವೂ ಸರಿ ಎಂದು ಅಬ್ಬಾ ಹೇಳುತ್ತಾರೆ. ಮನೆಯವರ ಜೀವವನ್ನೇ ಅವರಿಗೆ ಒಪ್ಪಿಸುತ್ತೇವೆ, ಅದನ್ನು ಕಾಯದವರನ್ನು ಮತ್ತೆ ಕರೆಯಬಾರದು.

ಗೆಳೆಯರೇ, ಇಂದು ಮನೆಗೆ ಹೋದಾಗ ಮೀಟರ್ ಬೋರ್ಡ್ ನೋಡಿ. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಇದೆಯೇ? ಫ್ರಿಡ್ಜ್, ವಾಷಿಂಗ್ ಮಷಿನ್, ಮೋಟಾರ್ ಮುಟ್ಟಿದಾಗ ಯಾರಿಗಾದರೂ ಜುಂ ಎನ್ನುತ್ತದೆಯೇ ಎಂದು ಅಮ್ಮಂದಿರನ್ನು ಕೇಳಿ. ಅವರು “ಸ್ವಲ್ಪ ಅನ್ನುತ್ತೆ, ಪರವಾಗಿಲ್ಲ” ಎಂದರೆ ಅಂದೇ ಪ್ಲಗ್ ತೆಗೆಸಿ, ಪರ್ಮಿಟ್ ಇರುವವರನ್ನು ಕರೆಸಿ. ನಾನು ಅಂದು ಪ್ರಶ್ನೆ ಕೇಳಿಯೂ ಸುಮ್ಮನಾದೆ. ನೀವು ಸುಮ್ಮನಾಗಬೇಡಿ.