ಅತ್ತರು ಯಾರಿಗಾಗಿ?

ಮನುಷ್ಯನು ಮೈಗೆ ಮಾಡಿಕೊಳ್ಳುವ ಅಲಂಕಾರಗಳಲ್ಲೆಲ್ಲ ಪರಿಮಳದ ಧರ್ಮವೇ ಬೇರೆ. ರೇಷ್ಮೆಯ ಸೆರಗನ್ನು ಉಟ್ಟವಳು ದಿನವಿಡೀ ನೋಡಿಕೊಂಡು ಹಿಗ್ಗಬಹುದು. ಬೆರಳಿನ ಉಂಗುರವನ್ನು ತೊಟ್ಟವನು ಗಳಿಗೆಗೊಮ್ಮೆ ತಿರುಗಿಸಿ ಸಂತೋಷಪಡಬಹುದು. ಆದರೆ ಕಿವಿಯ ಹಿಂದೆ ಸವರಿಕೊಂಡ ಅತ್ತರು, ಸವರಿಕೊಂಡವರ ಪಾಲಿಗೆ ಕೆಲವೇ ನಿಮಿಷಗಳ ಅತಿಥಿ. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಮೂಗು ಅದಕ್ಕೆ ಒಗ್ಗಿಹೋಗಿ, ಅದರ ಸುದ್ದಿ ಹೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಹೊರಗಿನಿಂದ ಬಂದು ಪಕ್ಕದಲ್ಲಿ ನಿಂತವರಿಗಾದರೋ ಅದು ಆಗತಾನೆ ಅರಳಿದ ಹೂವು. ಹಣ ತೆತ್ತವರು ನಾವು, ಆನಂದಪಡುವವರು ನೆರೆಯವರು! ಸುಗಂಧವೆಂಬುದು ಹುಟ್ಟಿರುವುದೇ ಹಂಚಿಕೊಳ್ಳುವುದಕ್ಕಾಗಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಮ್ಮ ಹಿರಿಯರು ಈ ಗುಟ್ಟನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮದುವೆಯ ಚಪ್ಪರದ ಬಾಗಿಲಲ್ಲಿ ಬಂದವರ ಕೈಗೆ ಗಂಧ ಸವರಿ, ಮೇಲೆ ಪನ್ನೀರು ಚಿಮುಕಿಸುವಾಗ ಇವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಯಾರೂ ಕೇಳುವುದಿಲ್ಲ. ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಅತಿಥಿಗೆ ಕೊಡುವುದೂ, ಅವನು ಅದನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದೂ ಇದೇ ಬಗೆಯ ಇನ್ನೊಂದು ಮರ್ಯಾದೆ. ‘ನೀವು ಬಂದದ್ದು ಸಂತೋಷ’ ಎಂಬ ಮಾತನ್ನು ಬಾಯಿ ಹೇಳಿದರೆ ಬಾಗಿಲಲ್ಲಿಯೇ ಮರೆತುಹೋದೀತು. ಗಂಧ ಹೇಳಿದರೆ ಅತಿಥಿಯ ಜೊತೆಯಲ್ಲಿ ಅವನ ಮನೆಯವರೆಗೂ ಹೋಗುತ್ತದೆ.

ಸುಗಂಧವನ್ನು ನಮ್ಮವರು ಬರಿಯ ಷೋಕಿಯೆಂದು ತಳ್ಳಿಹಾಕಿರಲಿಲ್ಲ. ಅದನ್ನು ಒಂದು ವಿದ್ಯೆಯೆಂದು ಎಣಿಸಿದ್ದರು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಜಲಶೋಧನೆ, ವೃಕ್ಷಾಯುರ್ವೇದ, ಅಡಿಗೆಗಳ ಜೊತೆಯಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೂ ಸ್ಥಾನವುಂಟು. ಅದಾದ ಒಂದು ಶತಮಾನದ ಮೇಲೆ, ಕಲ್ಯಾಣದ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನ, ಧೂಪಗಳನ್ನು ರಾಜಭೋಗಗಳೆಂದು ವಿವರಿಸಿದನು. ಎರಡು ಗ್ರಂಥಗಳಿಗೂ ಇರುವ ವ್ಯತ್ಯಾಸವನ್ನು ಗಮನಿಸಿ: ದೊರೆಯ ಪುಸ್ತಕದಲ್ಲಿ ಅದು ಭೋಗ, ಕನ್ನಡದ ಪುಸ್ತಕದಲ್ಲಿ, ಹೆಸರೇ ಸಾರುವಂತೆ, ಲೋಕಕ್ಕೆ ಉಪಕಾರ.

ಭೋಗ ಮತ್ತು ಉಪಕಾರಗಳ ಈ ಜಗ್ಗಾಟವನ್ನು ಕಾಣಬೇಕಾದರೆ ನಮ್ಮ ಶ್ರೀಗಂಧದ ಕಥೆಯನ್ನೇ ನೋಡಬೇಕು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದನು. ಅರಸರು ಬದಲಾದರೂ ಆ ಏಕಸ್ವಾಮ್ಯ ಬದಲಾಗಲಿಲ್ಲ. ಮೊದಲನೆಯ ಮಹಾಯುದ್ಧ ಬಂದು, ಯುರೋಪಿಗೆ ಹೋಗುತ್ತಿದ್ದ ಗಂಧದ ಕೊರಡು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಎಣ್ಣೆಯನ್ನು ಇಲ್ಲಿಯೇ ಇಳಿಸಲು ಸಂಕಲ್ಪಿಸಿದರು. ಬೆಂಗಳೂರಿನ ತಾತಾ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ 1916ರಲ್ಲಿ ಆ ಉದ್ಯಮ ಆರಂಭವಾಯಿತು. ಬಳಿಕ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ ಆ ಎಣ್ಣೆ ಸಾಬೂನಿನೊಳಗೆ ಸೇರಿತು. ಅರಮನೆಯ, ಗುಡಿಯ ಪರಿಮಳವು ಹೀಗೆ ಸಾಮಾನ್ಯ ಗೃಹಸ್ಥನ ಬಚ್ಚಲುಮನೆಗೆ ಬಂದಿತು. ಹಂಚಿಕೆಯೆಂದರೆ ಇದಲ್ಲವೇ?

ಮರದ ವಿಷಯದಲ್ಲಿ ಮಾತ್ರ ಹಂಚಿಕೆ ಬಹುಕಾಲ ಆಗಲಿಲ್ಲ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ ಸೊತ್ತು, ಅದನ್ನು ಕಾಯುವ ಹೊಣೆ ಮಾತ್ರ ಹೊಲದವನದು ಎಂದಾದ ಮೇಲೆ ಸಸಿಯನ್ನು ಅಕ್ಕರೆಯಿಂದ ಬೆಳೆಸುವವರು ಯಾರು? ಇತ್ತ ಬೆಳೆಸುವವರಿಲ್ಲ, ಅತ್ತ ಕಳ್ಳರ ಕೊಡಲಿಗೆ ಬಿಡುವಿಲ್ಲ, ಕಾಡು ಬರಿದಾಯಿತು. ಕಡೆಗೆ 2001ರಲ್ಲಿ ಕರ್ನಾಟಕದ ಕಾನೂನು ತಿದ್ದುಪಡಿಯಾಗಿ, ನೆಲದ ಒಡೆಯನೇ ಆ ನೆಲದ ಗಂಧದ ಮರಕ್ಕೂ ಒಡೆಯನಾದನು. ಶ್ರೀಗಂಧದ ಗಿಡ ತನ್ನ ಬೇರುಗಳನ್ನು ನೆರೆಗಿಡಗಳ ಬೇರಿಗೆ ಜೋಡಿಸಿ ಆಹಾರ ಪಡೆಯತಕ್ಕದ್ದು. ಒಂಟಿಯಾಗಿ ಏಳಿಗೆ ಹೊಂದುವುದಿಲ್ಲ. ಮರಕ್ಕೆ ತಿಳಿದಿದ್ದ ಸಹಬಾಳ್ವೆ ಮನುಷ್ಯರಿಗೆ ತಿಳಿಯಲು ಇನ್ನೂರು ವರ್ಷ ಹಿಡಿಯಿತು.

ಗಂಧದೆಣ್ಣೆ ವಿರಳವಾದುದರ ಪೆಟ್ಟು ನಮಗಷ್ಟೇ ತಗಲಲಿಲ್ಲ. ಉತ್ತರಪ್ರದೇಶದ ಕನೌಜಿನ ಅತ್ತರುಗಾರರಿಗೂ ತಗಲಿತು. ಏಕೆಂದರೆ ಹೂವಿನ ಪರಿಮಳ ಹಾರಿಹೋಗದಂತೆ ಹಿಡಿದಿಡುವುದು ಗಂಧದೆಣ್ಣೆಯೇ. ಅವರ ವಿಧಾನ ಬಹಳ ಹಳೆಯದು. ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ಹೂವನ್ನೂ ನೀರನ್ನೂ ತುಂಬಿ, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ, ಕೆಳಗೆ ಹದವಾಗಿ ಉರಿ ಹಾಕುತ್ತಾರೆ. ಹಬೆಯು ಬಿದಿರಿನ ನಳಿಗೆಯ ಮೂಲಕ ಹಾಯ್ದು, ತಣ್ಣೀರಿನ ತೊಟ್ಟಿಯಲ್ಲಿಟ್ಟ ‘ಭಪ್ಕಾ’ ಎಂಬ ಪಾತ್ರೆಯೊಳಗಿನ ಗಂಧದೆಣ್ಣೆಯಲ್ಲಿ ಇಳಿದು ತಂಗುತ್ತದೆ. ಮರುದಿನ ಹೊಸ ಹೂವು, ಅದೇ ಎಣ್ಣೆ. ಎಣ್ಣೆಗೆ ಪರಿಮಳ ತುಂಬಿ ಬರುವವರೆಗೆ ಹೀಗೆಯೇ ನಡೆಯಬೇಕು. ಅಲ್ಲಿ ಸುಟ್ಟ ಮಣ್ಣಿನಿಂದಲೂ ಅತ್ತರು ಇಳಿಸುತ್ತಾರೆ. ಮೂಸಿದರೆ ಮೊದಲ ಮಳೆ ಬಿದ್ದ ಹೊಲದ ನೆನಪು! ಆ ವಾಸನೆಗೆ ಆಸ್ಟ್ರೇಲಿಯದ ಸಂಶೋಧನಾಲಯವೊಂದರ ಇಬ್ಬರು ವಿಜ್ಞಾನಿಗಳು 1964ರಲ್ಲಿ ‘ಪೆಟ್ರಿಕೋರ್’ ಎಂದು ನಾಮಕರಣ ಮಾಡಿದರು. ಕನೌಜಿನವರು ಅದನ್ನು ಅದಕ್ಕೂ ಮುಂಚೆಯೇ ಸೀಸೆಗೆ ತುಂಬಿದ್ದರು. ಈಗ ಗಂಧದೆಣ್ಣೆಯ ಬೆಲೆ ಗಗನಕ್ಕೇರಿರುವುದರಿಂದ ಅನೇಕ ಅತ್ತರುಗಳಲ್ಲಿ ಅದರ ಸ್ಥಾನಕ್ಕೆ ದ್ರವ ಪ್ಯಾರಾಫಿನ್ ಬಂದಿದೆ. ಕೊಳ್ಳುವವರು ‘ಇದಕ್ಕೆ ಆಧಾರ ಯಾವ ಎಣ್ಣೆ?’ ಎಂದು ಅಂಗಡಿಯವನನ್ನು ಕೇಳಿದರೆ ತಪ್ಪೇನೂ ಇಲ್ಲ.

ಇಷ್ಟೆಲ್ಲ ಹಂಚಿಕೆಯನ್ನು ಹೊಗಳಿದ ಮೇಲೆ, ಹಂಚದೆ ಬಿಟ್ಟವರ ಮಾತನ್ನೂ ಹೇಳಬೇಕಾಗುತ್ತದೆ. ಚಪ್ಪರದ ಬಾಗಿಲಲ್ಲಿ ಎಲ್ಲರಿಗೂ ಗಂಧ ಸವರಿದ ಸಮಾಜವೇ ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಹೂವನ್ನೂ ಗಂಧವನ್ನೂ ನಿಷೇಧಿಸಿತ್ತು. ನನ್ನ ತಾಯಿಯ ಚಿಕ್ಕಮ್ಮ ಒಬ್ಬರು, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದವರು, ನಮ್ಮ ಮನೆಯಲ್ಲಿದ್ದರು. ಮರುಗ, ದವನ, ಲಾವಂಚದ ಬೇರು ಹಾಕಿ ತಲೆಗೆ ಹಚ್ಚುವ ಎಣ್ಣೆ ಕಾಯಿಸುವುದರಲ್ಲಿ ಅವರದು ಎತ್ತಿದ ಕೈ. ಮನೆಯ ಹೆಣ್ಣುಮಕ್ಕಳಿಗೆಲ್ಲ ಅದನ್ನು ತಾವೇ ತಿಕ್ಕುವರು. ತಮಗೆ ಮಾತ್ರ ಬರಿಯ ಹರಳೆಣ್ಣೆ. ಒಂದು ಯುಗಾದಿಯ ಬೆಳಗ್ಗೆ ನಮ್ಮ ತಾಯಿ ಆ ಎಣ್ಣೆಯ ಬಟ್ಟಲನ್ನು ಹಿಡಿದು, “ಚಿಕ್ಕಮ್ಮ, ಈವತ್ತು ನಿಮಗೆ ನಾನು ಹಚ್ಚುತ್ತೇನೆ, ಕೂತುಕೊಳ್ಳಿ” ಎಂದರು.

“ನನಗ್ಯಾಕೆ ತಾಯಿ ಇದೆಲ್ಲ? ನೋಡಿದವರು ಏನಂದಾರು?”

“ಪರಿಮಳ ಯಾರ ಕಣ್ಣಿಗೆ ಕಾಣುತ್ತೆ ಚಿಕ್ಕಮ್ಮ?”

ಅಜ್ಜಿ ನಕ್ಕರು. ಮತ್ತೇನೂ ಹೇಳದೆ ಮಣೆಯ ಮೇಲೆ ಕುಳಿತರು. ಅಷ್ಟು ವರ್ಷ ಎಣ್ಣೆ ಕಾಯಿಸಿದ ಆ ಕೈಗಳಿಗೆ ಪರಿಮಳ ಮೊದಲಿನಿಂದಲೂ ಅಂಟಿಯೇ ಇತ್ತು. ಅದನ್ನು ತಡೆಯುವ ಶಾಸ್ತ್ರ ಯಾವುದೂ ಇರಲಿಲ್ಲ. ತಲೆಗೆ ಏರಲು ಮಾತ್ರ ಇನ್ನೊಬ್ಬರ ಕೈ ಬೇಕಾಗಿತ್ತು.

ಹಾಗೆಂದು ಕಂಡಕಂಡವರಿಗೆಲ್ಲ ನಮ್ಮ ಸುಗಂಧವನ್ನು ಬಲವಂತವಾಗಿ ಬಡಿಸಬೇಕೆಂದು ಅರ್ಥವಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ಅರ್ಧ ಸೀಸೆ ಸುರಿದುಕೊಂಡು ಬಂದವರ ಪಕ್ಕದ ಪ್ರಯಾಣವನ್ನು ಅನುಭವಿಸಿದವರೇ ಬಲ್ಲರು! ತನ್ನ ಮೂಗಿಗೆ ತಿಳಿಯಲಿಲ್ಲವೆಂದು ಮತ್ತಷ್ಟು ಹಚ್ಚಿಕೊಳ್ಳುವುದು ಸಾಮಾನ್ಯವಾಗಿ ಆಗುವ ಅನರ್ಥ. ಉಬ್ಬಸದವರಿಗೆ, ಅರೆತಲೆನೋವಿನವರಿಗೆ ಗಾಢವಾದ ವಾಸನೆ ನಿಜವಾಗಿಯೂ ಹಿಂಸೆ. ಆಸ್ಪತ್ರೆಗೆ ಹೋಗುವಾಗ ಅತ್ತರು ಮನೆಯಲ್ಲಿಯೇ ಇರಲಿ. ಉಳಿದ ದಿನಗಳಲ್ಲಿ ಮಣಿಕಟ್ಟಿಗೆ ಒಂದು ತೊಟ್ಟು, ಕಿವಿಯ ಹಿಂದೆ ಒಂದು ತೊಟ್ಟು ಸಾಕು. ಮೈಯ ಕಾವೇ ಉಳಿದ ಕೆಲಸವನ್ನು ಮಾಡುತ್ತದೆ. ಕೊಳ್ಳುವ ಮೊದಲು ಕೈಗೆ ಹಚ್ಚಿ ಅರ್ಧ ಗಂಟೆಯಾದರೂ ಕಾಯಬೇಕು. ಮೊದಲು ಮೂಗಿಗೆ ಹೊಡೆಯುವ ವಾಸನೆ ಬೇಗ ಆರಿಹೋಗುವಂಥದು; ಜೊತೆಯಲ್ಲಿ ಉಳಿಯುವುದು ಆಮೇಲಿನದು.

ಒಳ್ಳೆಯ ಅತ್ತರು ದುಬಾರಿಯೆಂದು ಹಿಂಜರಿಯುವ ಸಂಸಾರಿಗಳಿಗೂ ಒಂದು ದಾರಿಯುಂಟು. ನಾಲ್ವರು ಗೆಳೆಯರು ಸೇರಿ ಒಂದು ಸೀಸೆ ಕೊಂಡು, ಪುಟ್ಟ ಸೀಸೆಗಳಿಗೆ ಬಗ್ಗಿಸಿಕೊಳ್ಳಲಿ. ಒಬ್ಬರಿಗೆ ಕೇದಗೆ ಪ್ರಿಯ, ಇನ್ನೊಬ್ಬರಿಗೆ ಲಾವಂಚ. ಒಂದೇ ಅತ್ತರು ಒಬ್ಬೊಬ್ಬರ ಮೈಮೇಲೆ ಒಂದೊಂದು ಬಗೆಯಾಗಿ ತೋರುವುದನ್ನು ಕಾಣುವುದೂ ಒಂದು ವಿನೋದ. ಮುಂದಿನ ಹಬ್ಬಕ್ಕೆ ಮನೆಗೆ ಬಂದವರಿಗೆ ಕಾಫಿಯ ಜೊತೆಗೆ ಹತ್ತಿಯ ಎಳೆಯೊಂದನ್ನು ಅತ್ತರಿನಲ್ಲಿ ಅದ್ದಿ ಕೊಟ್ಟು ನೋಡಿ. ಕೊಡುವಾಗ ಮೂಲೆಯಲ್ಲಿ ಕುಳಿತ ಅತ್ತೆಯನ್ನೋ ಅಜ್ಜಿಯನ್ನೋ ದಾಟಿ ಮುಂದೆ ಹೋಗಬೇಡಿ.