ಅವ್ವನ ಹಾಡಿಗೆ ಪರ್ಮಿಷನ್ ಇಲ್ಲವಂತೆ!

ಹೋದ ದೀಪಾವಳಿಗೆ ಗದಗದಿಂದ ಪುಣೆಗೆ ಬಂದ ಅಪ್ಪ, ಚಕ್ಕುಲಿ ಡಬ್ಬಿಗೂ ಮೊದಲು ಚೀಲದಿಂದ ತೆಗೆದದ್ದು ಟವೆಲ್‌ನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಕೆಟ್ಟುಹೋದ ಹಳೆಯ ಲ್ಯಾಪ್‌ಟಾಪಿನದು. "ತಮ್ಮಾ, ಇದರಾಗ ನಿಮ್ಮವ್ವನ ಸೋಬಾನ ಪದ ಅದಾವ. ಅಂಗಡಿಯಾಂವ ಫಾರ್ಮ್ಯಾಟ್ ಹೊಡೀಬೇಕು ಅಂದ. ಒಲ್ಲೆ ಅಂತ ತಂದೀನಿ" ಎಂದರು. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಆಕೆಯ ದನಿ ಉಳಿದದ್ದು ಅದೊಂದರಲ್ಲೇ.

ಯುಎಸ್‌ಬಿ ಕೇಬಲ್‌ನಿಂದ ನನ್ನ ಕಂಪ್ಯೂಟರಿಗೆ ಜೋಡಿಸಿದೆ. 'ಯೂಸರ್ಸ್' ಒಳಗೆ ಅಪ್ಪನ ಹೆಸರಿನ ಫೋಲ್ಡರ್ ಕಾಣಿಸಿತು. ತೆರೆಯಹೋದರೆ ನಿಮಗೆ ಅನುಮತಿ ಇಲ್ಲ ಎಂಬ ಸಂದೇಶ. 'ಕಂಟಿನ್ಯೂ' ಒತ್ತಿದರೂ ಅದೇ ಪಾಡು. ಅಪ್ಪನ ಮುಖ ಬಾಡಿತು. "ನನ್ನ ಹೆಸರಿಲೆ ಐತಲ್ಲೋ, ಯಾಕ ಬಿಡವಲ್ದು?"

ಸರಿಯಾದ ಪ್ರಶ್ನೆಯೇ. ಆದರೆ ವಿಂಡೋಸ್ ನಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಪ್ರತಿ ಖಾತೆಗೂ ತಾನು ಕೊಟ್ಟ ಉದ್ದನೆಯ ಸಂಖ್ಯೆಯಿಂದ. ಬೇರೆ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಖಾತೆ ತೆರೆದರೂ ಸಂಖ್ಯೆ ಬೇರೆ. "ಫೈಲ್ ಹಾಳಾಗಿಲ್ಲಪ್ಪಾ. ಹೊಲದ ಉತಾರದಾಗ ಹೆಸರು ಬದಲಿ ಮಾಡಿಸಿದಂಗ ಮಾಡಬೇಕು, ಅಷ್ಟ" ಎಂದೆ.

ವಿಧಾನ ಇಷ್ಟು. ನಿಮ್ಮದು ಅಡ್ಮಿನಿಸ್ಟ್ರೇಟರ್ ಖಾತೆಯಾಗಿರಬೇಕು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', 'ಸೆಕ್ಯುರಿಟಿ', 'ಅಡ್ವಾನ್ಸ್ಡ್'ಗೆ ಹೋಗಿ. ಮೇಲೆ 'ಓನರ್' ಪಕ್ಕದ 'ಚೇಂಜ್' ಒತ್ತಿ, ನಿಮ್ಮ ಖಾತೆಯ ಹೆಸರು ಬರೆದು, 'ಚೆಕ್ ನೇಮ್ಸ್' ಒತ್ತಿ, 'ಓಕೆ' ಕೊಡಿ. ಒಳಗಿನ ಫೈಲುಗಳ ಓನರ್ ಕೂಡ ಬದಲಾಗಲಿ ಎಂಬ ಚೌಕಕ್ಕೆ ಟಿಕ್ ಹಾಕಿ 'ಅಪ್ಲೈ' ಮಾಡಿ. ಅನುಮತಿಯನ್ನೂ ಬದಲಿಸಲೇ ಎಂದು ಕೇಳಿದರೆ 'ಯೆಸ್' ಎನ್ನಿ. ಫೈಲುಗಳು ಹೆಚ್ಚಿದ್ದರೆ ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ. ಇದೇ ಉಪಾಯವನ್ನು ಕಂಪ್ಯೂಟರಿನ ಸ್ವಂತ ಫೋಲ್ಡರುಗಳ ಮೇಲೆ ಪ್ರಯೋಗಿಸಬೇಡಿ. 'ವಿಂಡೋಸ್' ಫೋಲ್ಡರಿನ ಬಹುತೇಕ ಫೈಲುಗಳ ಯಜಮಾನ ನಾವಲ್ಲ, 'ಟ್ರಸ್ಟೆಡ್ ಇನ್‌ಸ್ಟಾಲರ್' ಎಂಬ ಸೇವೆ. ವಿಸ್ಟಾ ಕಾಲದಿಂದ ಬಂದ ಏರ್ಪಾಡಿದು. ಎಂಟೆಕ್ ಓದುವಾಗ ಸಿ ಡ್ರೈವ್ ತುಂಬಿತೆಂದು ನಾನು ಆ ಯಜಮಾನಿಕೆ ಕಿತ್ತುಕೊಂಡು ಕೆಲವು ಫೈಲ್ ಅಳಿಸಿದ್ದೆ. ಮರುದಿನ ಕಂಪ್ಯೂಟರ್ ಏಳಲೇ ಇಲ್ಲ. ಪ್ರಾಜೆಕ್ಟ್ ವರದಿಯನ್ನು ಮೊದಲಿಂದ ಬರೆದೆ. ಜಾಗ ಬೇಕಿದ್ದರೆ ವಿಂಡೋಸಿನದ್ದೇ 'ಡಿಸ್ಕ್ ಕ್ಲೀನಪ್' ಇದೆ.

ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗಕ್ಕೆ ಹೇಳಿ, ಅದು ನಮ್ಮ ಹೊಲವಲ್ಲ. ಇನ್ನು ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಓನರ್ ಬದಲಿಸುವ ಉಪಾಯ ನಡೆಯದು. ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಊರಿನ ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಪುಣ್ಯ, ಅಪ್ಪ ಅಂಥ ಬೀಗ ಹಾಕಿರಲಿಲ್ಲ. ಅರ್ಧ ಗಂಟೆಯಲ್ಲಿ ಫೋಲ್ಡರ್ ತೆರೆಯಿತು. ಮೊದಲ ಹಾಡಿನ ನಡುವೆ ಕುಕ್ಕರ್ ಸೀಟಿ, "ಏ, ಗ್ಯಾಸ್ ಸಣ್ಣ ಮಾಡ್ರಿ" ಎಂಬ ಅವ್ವನ ದನಿ. ಅಪ್ಪ ಕೂತಲ್ಲಿಂದ ಅರ್ಧ ಎದ್ದು, ಮತ್ತೆ ಕೂತರು.

ಅಂದೇ ರಾತ್ರಿ ಎರಡು ಕಡೆ ಪ್ರತಿ ಮಾಡಿಟ್ಟೆ. ನಿಮ್ಮೂರಿನ ಅಟ್ಟದ ಮೇಲೂ ಹಳೆಯ ಲ್ಯಾಪ್‌ಟಾಪ್ ಇದ್ದೀತು. ಗುಜರಿಗೆ ಹಾಕುವ ಮುನ್ನ, ಫಾರ್ಮ್ಯಾಟ್ ಮಾಡಿಸುವ ಮುನ್ನ ಒಮ್ಮೆ ನೋಡಿ.