ಗಾಬರಿಯಲ್ಲಿ ತಂದ ಮರಿ, ಶ್ರಾವಣದಲ್ಲಿ ಬಲಿತ ಹುಂಜ

"ಸಾರ್, ಹಿತ್ತಲಲ್ಲಿ ಜಾಗ ಇದೆ. ಒಂದು ಐವತ್ತು ಕೋಳಿಮರಿ ತರೋಣ ಅಂತಿದೀನಿ. ಯಾವ ತಳಿ ಒಳ್ಳೇದು?"

ಈ ಪ್ರಶ್ನೆ ವರ್ಷಪೂರ್ತಿ ಒಂದೇ ಸಮ ಬರೋದಿಲ್ಲ, ಗೊಂಚಲಾಗಿ ಬರ್ತದೆ. ಮಳೆ ಕೈಕೊಟ್ಟ ವರ್ಷ, ಬೆಂಗಳೂರಲ್ಲಿ ಕೆಲಸ ಹೋಗ್ತಿದೆ ಅನ್ನೋ ಸುದ್ದಿ ಬಂದ ವಾರ, ಮೊಟ್ಟೆ ರೇಟು ಏರಿತು ಅಂತ ಟೀವಿಯಲ್ಲಿ ಬಂದ ಮರುದಿನ. ಕೇಳುವವರಲ್ಲಿ ಎಷ್ಟೋ ಜನ ಆಗಲೇ ಫೋನ್‌ನಲ್ಲಿ ಅಡ್ವಾನ್ಸ್ ಹಾಕಿರ್ತಾರೆ. ತಳಿ ಯಾವುದು ಅಂತ ನನ್ನ ಬಾಯಲ್ಲಿ ಒಂದು ಸಲ ಹೇಳಿಸಿದರೆ ಸಮಾಧಾನ, ಅಷ್ಟೇ.

ಕೋಳಿ ಸಾಕಬೇಡಿ ಅಂತ ಹೇಳೋಕೆ ಇದನ್ನು ಬರೀತಿಲ್ಲ. ನಮ್ಮ ತೋಟದಲ್ಲೂ ಕೋಳಿ ಇವೆ. ಆದರೆ ಭಯ ಬಂದ ವಾರದಲ್ಲಿ ಮರಿ ತಂದರೆ ಏನಾಗ್ತದೆ ಅನ್ನೋದನ್ನು 2020ರಲ್ಲಿ ಕಣ್ಣಾರೆ ನೋಡಿದೀವಿ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಆ ವರ್ಷ ಫೆಬ್ರುವರಿ, ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಬರ್ತದೆ ಅಂತ ವಾಟ್ಸಾಪ್‌ನಲ್ಲಿ ಸುಳ್ಳು ಹಬ್ಬಿತು. ಫಾರಂ ಕೋಳಿಯ ದರ ಮೇವಿನ ಖರ್ಚೂ ಹುಟ್ಟದಷ್ಟು ಬಿತ್ತು. ಗೋಕಾಕ ಕಡೆಯ ರೈತರೊಬ್ಬರು ಸುಮಾರು 6,000 ಕೋಳಿಗಳನ್ನು ಜೀವಂತ ಗುಂಡಿಗೆ ಸುರಿದ ವಿಡಿಯೋ ನೀವೂ ನೋಡಿರಬಹುದು. ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಆಮೇಲೆ ನೋಡಿ, ಕೋಳಿ ಮುಟ್ಟಬೇಡಿ ಅಂದಿದ್ದ ಅದೇ ಗುಂಪುಗಳಲ್ಲಿ ಕೋಳಿ ಸಾಕಿ ಸ್ವಾವಲಂಬಿಗಳಾಗಿ ಅಂತ ವಿಡಿಯೋ ಓಡೋಕೆ ಶುರುವಾಯ್ತು. ಊರಿಗೆ ವಾಪಸ್ ಬಂದ ಹುಡುಗರ ಕೈಯಲ್ಲಿ ಕೊನೆಯ ಸಂಬಳ, ಸರ್ಕಾರ ತೆಗೆಯೋಕೆ ಬಿಟ್ಟಿದ್ದ ಪಿಎಫ್ ಹಣ, ತುಂಬಾ ಬಿಡುವು. ಎಲ್ಲರೂ ಒಟ್ಟಿಗೆ ಮರಿ ಹುಡುಕಿದರು.

ಈಗ ದಿನ ಎಣಿಸಿ. ಹಿತ್ತಲಿಗೆ ಹೆಚ್ಚಾಗಿ ಬರೋದು ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾ, ಇಲ್ಲಾಂದ್ರೆ ಹೈದರಾಬಾದಿನ ವನರಾಜ. ಮೊದಲ ಮೊಟ್ಟೆ ಇಡೋಕೆ ಇವಕ್ಕೆ ಐದೂವರೆ ತಿಂಗಳ ಆಸುಪಾಸು ಬೇಕು. ಮೇ ಮೊದಲ ವಾರ ತಂದ ಮರಿಯ ಮೊಟ್ಟೆ ಸಿಗೋದು ಅಕ್ಟೋಬರ್ ಕೊನೆಗೆ. ಜೂನ್‌ಗೇ ಅಂಗಡಿ ತೆರೆದಿದ್ದವು. ಯಾವ ಕೊರತೆಗೆ ಹೆದರಿ ಮರಿ ತಂದರೋ ಆ ಕೊರತೆ ಹೋಗಿ ನಾಲ್ಕು ತಿಂಗಳಾದ ಮೇಲೆ ಮೊಟ್ಟೆ ಬಂತು!

ಮೊಟ್ಟೆ ಬಿಡಿ, ಹುಂಜದ ಕಥೆ ಕೇಳಿ. ಒಂದು ದಿನದ ಮರಿ ತಂದರೆ ಹೆಚ್ಚುಕಮ್ಮಿ ಅರ್ಧ ಹುಂಜಗಳೇ ಇರ್ತವೆ. ಐವತ್ತು ತಂದವನಿಗೆ ಐವತ್ತು ಹೇಂಟೆ ಸಿಗೋದಿಲ್ಲ. ಈ ಹುಂಜಗಳು ಹಿತ್ತಲಲ್ಲಿ ಮೂರು, ಮೂರೂವರೆ ತಿಂಗಳಿಗೆ ಮಾರೋ ತೂಕಕ್ಕೆ ಬರ್ತವೆ. ಏಪ್ರಿಲ್ ಕೊನೆಗೆ ತಂದದ್ದು ಆಗಸ್ಟ್ ಹೊತ್ತಿಗೆ, ಅಂದರೆ ಸರಿಯಾಗಿ ಶ್ರಾವಣಕ್ಕೆ! ಊರಲ್ಲಿ ಅರ್ಧ ಜನ ಮಾಂಸ ಬಿಟ್ಟು ಕೂತಿರುವಾಗ, ಒಂದೇ ವಯಸ್ಸಿನ ಹುಂಜಗಳು ಎಲ್ಲರ ಮನೆಯಲ್ಲೂ ಕೂಗ್ತಿದ್ದರೆ ಕೇಳೋರು ಯಾರು? ಕಾಯೋಣ ಅಂದ್ರೆ ದಿನಕ್ಕೆ ನೂರು ಗ್ರಾಂ ತಿಂತವೆ, ಒಂದಕ್ಕೊಂದು ಕಾದಾಡಿ ರಕ್ತ ಬರಿಸಿಕೊಳ್ತವೆ.

ಬುದ್ಧಿವಂತರು ಲೆಕ್ಕವನ್ನು ಹಿಂದಿನಿಂದ ಹಾಕ್ತಾರೆ. ನಮ್ಮ ಕಡೆ ಯುಗಾದಿ ಮರುದಿನದ ಹೊಸತೊಡಕಿಗೆ ನಾಟಿ ಹುಂಜಕ್ಕೆ ಬಾಯಿಗೆ ಬಂದ ರೇಟು. ಅದರಿಂದ ನಾಲ್ಕೈದು ತಿಂಗಳು ಹಿಂದಕ್ಕೆ ಎಣಿಸಿದರೆ ದೀಪಾವಳಿಯ ಸುಮಾರಿಗೆ ಮರಿ ತರಬೇಕು. ನಿಮ್ಮೂರಲ್ಲಿ ಮಾರಿಹಬ್ಬವೋ ಜಾತ್ರೆಯೋ ಇದ್ದರೆ ಅದಕ್ಕೆ ತಕ್ಕ ಹಾಗೆ.

ನನಗೆ ಗೊತ್ತಿರುವ ಒಬ್ಬ ಹುಡುಗ ಆ ಬೇಸಿಗೆಯಲ್ಲಿ ಪಿಎಫ್ ತೆಗೆದು 200 ಮರಿ ತಂದ. ಗೂಡು ಇನ್ನೂ ಆಗಿರಲಿಲ್ಲ, ಹಳೇ ಕೊಟ್ಟಿಗೆಯಲ್ಲಿ ಬಲ್ಬ್ ಕಟ್ಟಿ ಬಿಟ್ಟ. ಮುಂಗಾರಿನ ಮೊದಲ ಗಾಳಿ ಮಳೆಗೆ ಎರಡು ರಾತ್ರಿ ಕರೆಂಟ್ ಇಲ್ಲ. ಚಳಿಗೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಒತ್ತರಿಸಿ, ಬೆಳಿಗ್ಗೆ ನೋಡಿದರೆ ಕೆಳಗಿದ್ದವು ಉಸಿರುಗಟ್ಟಿ ಸತ್ತಿದ್ದವು. ಉಳಿದವಲ್ಲಿ ಹುಂಜಗಳು ಶ್ರಾವಣಕ್ಕೆ ಸಿಕ್ಕಿಕೊಂಡವು. ಜನವರಿಗೆ ಅವನಿಗೆ ಮತ್ತೆ ಕೆಲಸ ಸಿಕ್ತು, ಹೋದ. ಕೋಳಿ ಉಳಿದದ್ದು ಅವನ ತಾಯಿಯ ತಲೆ ಮೇಲೆ. ಆಯಮ್ಮ ಒಂದು ಸಂತೆ ದಿನ ಎಲ್ಲಾ ಮಾರಿ 18 ಹೇಂಟೆ ಮಾತ್ರ ಇಟ್ಟುಕೊಂಡರು. ಅವು ಚೆನ್ನಾಗಿ ಬದುಕಿದವು, ಮನೆಗೆ ಮೊಟ್ಟೆಯೂ ಆಯ್ತು. ಆ ಮನೆಯ ರಾಗಿ ತೌಡು, ಅನ್ನದ ಮುಸುರೆ, ತಿಪ್ಪೆಯ ಹುಳ ಸಾಕಾಗ್ತಿದ್ದದ್ದು ಅಷ್ಟು ಕೋಳಿಗೇ. ಮರಿ ಬುಕ್ ಮಾಡೋಕೆ ಮುಂಚೆ ಆ ತಾಯಿಯನ್ನೇ ಕೇಳಿದ್ದರೆ ಹೇಳ್ತಿದ್ದರು. ಮನೆಯಲ್ಲಿ ಬೆಳಿಗ್ಗೆ ಗೂಡು ತೆಗೆಯೋರು, ಸಂಜೆ ಎಣಿಸಿ ಮುಚ್ಚೋರು ಯಾರೋ ಅವರ ಒಪ್ಪಿಗೆ ಇಲ್ಲದೆ ಮರಿ ತರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ಅದು ಬಹುತೇಕ ಹೆಂಗಸರೇ.

ಮೇವಿನ ಲೆಕ್ಕ ನೀವೇ ಹಾಕಿ. 45 ಬೆಳೆದ ಕೋಳಿ, ತಲಾ 100 ಗ್ರಾಂ ಅಂದರೆ ದಿನಕ್ಕೆ ನಾಲ್ಕೂವರೆ ಕೆಜಿ. ಐವತ್ತು ಕೆಜಿ ಚೀಲ ಹನ್ನೊಂದು ದಿನ. ಮೇಯೋಕೆ ಜಾಗ ಇದ್ದರೆ ಇದರಲ್ಲಿ ಒಂದು ಪಾಲು ಉಳೀತದೆ. ಆದರೆ ಮರಿಗೆ ಮೊದಲ ಆರೆಂಟು ವಾರ ಸರಿಯಾದ ಸ್ಟಾರ್ಟರ್ ಮೇವು ಹಾಕಲೇಬೇಕು, ಬರೀ ನುಚ್ಚಿನಲ್ಲಿ ಬೆಳೆಸ್ತೀನಿ ಅಂದರೆ ಆಗೋದಿಲ್ಲ. ಮೇವಿನ ಬೆಲೆ ನಿಮ್ಮ ಕೈಲಿಲ್ಲ ಅನ್ನೋದೂ ನೆನಪಿರಲಿ. 2021ರಲ್ಲಿ ಸೋಯಾ ಬೆಲೆ ಎಷ್ಟು ಏರಿತೆಂದರೆ ಕೇಂದ್ರ ಸರ್ಕಾರ 12 ಲಕ್ಷ ಟನ್ ಸೋಯಾ ಹಿಂಡಿಯನ್ನು ಹೊರಗಿಂದ ತರಿಸೋಕೆ ಅನುಮತಿ ಕೊಡಬೇಕಾಯ್ತು.

ಗಾಬರಿಯ ಕಾಲದಲ್ಲಿ ಮಾರೋರಿಗೂ ಸುಗ್ಗಿ. ಬೈಕಿನಲ್ಲಿ, ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿ ಬರ್ತವಲ್ಲ, ಅವು ಸಾಮಾನ್ಯವಾಗಿ ಮೊಟ್ಟೆ ಕೋಳಿ ಹ್ಯಾಚರಿಗಳು ಬೇಡ ಅಂತ ಬಿಟ್ಟ ಗಂಡುಮರಿಗಳು. ಮೊಟ್ಟೆಯಂತೂ ಇಡೋದಿಲ್ಲ, ಮೈಯೂ ಬೇಗ ತುಂಬೋದಿಲ್ಲ. ಮಕ್ಕಳು ಹಟ ಮಾಡಿದರೂ ಬೇಡ.

ಇನ್ನು ಕಡಕ್‌ನಾಥ್. ಮಧ್ಯಪ್ರದೇಶದ ಝಾಬುವಾದ ಈ ಕಪ್ಪು ಕೋಳಿಗೆ 2018ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ತಳಿ ಒಳ್ಳೇದೇ, ಆದರೆ ನಿಧಾನ ಬೆಳೀತದೆ, ಮೊಟ್ಟೆ ಕಡಿಮೆ, ಕಾವಿಗೆ ಸರಿಯಾಗಿ ಕೂರೋದಿಲ್ಲ. ಅದರ ರೇಟು ನಿಂತಿರೋದು ಕೊಳ್ಳೋರ ಆಸೆಯ ಮೇಲೆ. 2019ರಲ್ಲಿ ಪಕ್ಕದ ಸಾಂಗ್ಲಿಯಲ್ಲಿ, ಮರಿ ಕೊಡ್ತೀವಿ, ಬೆಳೆದದ್ದನ್ನು ನಾವೇ ಹೆಚ್ಚು ಬೆಲೆಗೆ ಕೊಳ್ತೀವಿ ಅನ್ನೋ ಸ್ಕೀಮ್ ನಂಬಿ ಎಷ್ಟೋ ರೈತರು ಹಣ ಕಳಕೊಂಡರು. 2020ರ ಕೊನೆಗೆ ಧೋನಿ 2,000 ಕಡಕ್‌ನಾಥ್ ಮರಿಗೆ ಆರ್ಡರ್ ಕೊಟ್ಟ ಸುದ್ದಿ ಬಂದಾಗ ನನ್ನ ಫೋನ್ ಸುಮ್ಮನಿರಲಿಲ್ಲ. ಮುಂದಿನ ಜನವರಿಯಲ್ಲಿ ಝಾಬುವಾದ ಅದೇ ಫಾರಂಗೆ ಹಕ್ಕಿಜ್ವರ ಬಂತು. ಆ ಸುದ್ದಿ ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. "ನಾವೇ ವಾಪಸ್ ಕೊಳ್ತೀವಿ" ಅನ್ನೋ ಮಾತು ಎಲ್ಲಿ ಕೇಳಿದರೂ ಎದ್ದು ಬನ್ನಿ.

ಹಾಗಾದರೆ ಹೇಗೆ ಶುರು ಮಾಡೋದು? ನನ್ನನ್ನು ಕೇಳಿದರೆ ಊರಲ್ಲೇ ಮರಿ ಮಾಡಿ ಅಭ್ಯಾಸ ಇರುವ ಎರಡು ನಾಟಿ ಹೇಂಟೆ, ಒಂದು ಹುಂಜ ಕೊಳ್ಳಿ. ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದರೆ 21 ದಿನಕ್ಕೆ ಮರಿ. ಬಲ್ಬ್ ಬೇಡ, ಕರೆಂಟ್ ಬೇಡ, ಹದ್ದು ಕಂಡರೆ ಕೂಗಿ ರೆಕ್ಕೆ ಕೆಳಗೆ ಸೇರಿಸಿಕೊಳ್ಳೋದು ತಾಯಿಯ ಕೆಲಸ. ಗಿರಿರಾಜ ಹೇಂಟೆ ಸಾಮಾನ್ಯವಾಗಿ ಕಾವಿಗೆ ಕೂರೋದಿಲ್ಲ, ಅದರ ಮೊಟ್ಟೆಯನ್ನೂ ನಾಟಿ ಕೋಳಿ ಕೆಳಗೇ ಇಡಬೇಕು. ಹೆಚ್ಚು ಮೊಟ್ಟೆ ಬೇಕು ಅನ್ನೋರು ಎಂಟು ಹತ್ತು ವಾರ ಬೆಳೆದ, ಲಸಿಕೆ ಆಗಿರುವ ಹೆಣ್ಣು ಕೋಳಿಗಳನ್ನೇ ತನ್ನಿ. ಬೆಲೆ ಜಾಸ್ತಿ, ಆದರೆ ಸಾಯುವ ವಯಸ್ಸು ದಾಟಿರ್ತದೆ, ಹುಂಜ ಯಾವುದು ಅಂತಲೂ ಕಾಣ್ತದೆ.

ಇಲ್ಲ, ಒಂದು ದಿನದ ಮರಿಯೇ ಬೇಕು ಅಂದರೆ ಮೊದಲು ಗೂಡು ಮುಗಿಸಿ. ಹೆಸರಘಟ್ಟದ ಕೇಂದ್ರದಲ್ಲೋ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲೋ ಬುಕ್ ಮಾಡಿ ಕಾಯಿರಿ. ಕಾಯುವ ಆ ದಿನಗಳಲ್ಲೇ ಎಷ್ಟೋ ಜನರ ಆಸೆ ಇಳಿದುಹೋಗ್ತದೆ, ಅದೂ ಒಳ್ಳೇದೇ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳ್ತವೆ: ಬಲ್ಬ್ ಕೆಳಗೆ ಗುಂಪುಗಟ್ಟಿದರೆ ಚಳಿ, ಬಾಯಿ ತೆರೆದು ಅಂಚಿಗೆ ಓಡಿದರೆ ಸೆಕೆ, ಎಲ್ಲ ಕಡೆ ಹರಡಿ ಮೇಯ್ತಿದ್ದರೆ ಸರಿ ಇದೆ. ಕರೆಂಟ್ ಹೋದರೆ ಅಂತ ಮಡಕೆಯಲ್ಲಿ ಇದ್ದಿಲ ಕೆಂಡ ರೆಡಿ ಇರಲಿ, ಹೊಗೆ ಹೋಗೋಕೆ ಜಾಗ ಇರಲಿ. ಮುಂಗುಸಿ, ಬೆಕ್ಕು ನುಗ್ಗದ ಹಾಗೆ ಅರ್ಧ ಇಂಚಿನ ಮೆಶ್ ಹಾಕಿ.

ಲಸಿಕೆಯಲ್ಲಿ ಒಂದು ಸಣ್ಣ ತೊಡಕಿದೆ. ಕೊಕ್ಕರೆ ರೋಗಕ್ಕೆ ಐದರಿಂದ ಏಳನೇ ದಿನ ಲಸೋಟಾ ಕಣ್ಣಿಗೆ ಒಂದು ಹನಿ, ಎರಡನೇ ವಾರ ಗಂಬೊರೊ, ನಾಲ್ಕನೇ ವಾರ ಮತ್ತೆ ಲಸೋಟಾ, ಎಂಟನೇ ವಾರದ ಸುಮಾರಿಗೆ ಆರ್‌ಟುಬಿ ಚುಚ್ಚುಮದ್ದು. ಆದರೆ ಲಸಿಕೆ ಬಾಟಲಿ ಬರೋದು ನೂರು ಡೋಸ್ ಅಥವಾ ಹೆಚ್ಚಿನ ಲೆಕ್ಕದಲ್ಲಿ. ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿತನಕ ಐಸ್‌ನಲ್ಲೇ ಇರಬೇಕು. ಇಪ್ಪತ್ತು ಮರಿ ಇರುವವನು ಇದೊಂದು ಕಾರಣಕ್ಕೆ ಲಸಿಕೆ ಬಿಟ್ಟುಬಿಡ್ತಾನೆ, ಬೇಸಿಗೆಯಲ್ಲಿ ರೋಗ ಬಂದು ಗೂಡೇ ಖಾಲಿ ಆಗ್ತದೆ. ಅಕ್ಕಪಕ್ಕದ ನಾಲ್ಕೈದು ಮನೆಯವರು ಒಂದೇ ವಾರ ಮರಿ ತಂದು ಒಂದೇ ಬಾಟಲಿ ಹಂಚಿಕೊಂಡರೆ ಖರ್ಚು ಏನೂ ಅಲ್ಲ.

ತೋಟಗಾರಿಕೆ ಓದಿದವನಾಗಿ ಒಂದು ಮಾತು. ತರಕಾರಿ ಮಡಿಗೆ ಕೋಳಿ ಬಿಡಬೇಡಿ, ಒಂದು ಬೆಳಗ್ಗೆಯಲ್ಲಿ ಸಸಿಮಡಿ ಕೆದರಿ ಹಾಕ್ತವೆ. ತೆಂಗು, ಮಾವಿನ ಬುಡಕ್ಕೆ ಬಿಡಿ. ತಿಪ್ಪೆಗೆ ಬಿಟ್ಟರೆ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಹುಳಗಳನ್ನು ಹುಡುಕಿ ತಿಂತವೆ. ಹಸಿ ಕೋಳಿಗೊಬ್ಬರವನ್ನು ನೇರ ಗಿಡಕ್ಕೆ ಹಾಕಿದರೆ ಬೇರು ಸುಡ್ತದೆ, ಒಣ ಎಲೆ ಜೊತೆ ಎರಡು ಮೂರು ತಿಂಗಳು ಕೊಳೆಸಿ ಹಾಕಿ.

ಕೊನೆಗೆ ಹಕ್ಕಿಜ್ವರ. ಅದು ಫಾರಂನವರ ತಲೆನೋವು ಅಂತ ತಿಳೀಬೇಡಿ. 2025ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಅದು ಕಂಡದ್ದು ಮನೆಯಲ್ಲಿ ಸಾಕಿದ ಕೋಳಿಗಳಲ್ಲೇ. ರೋಗ ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಬೇಕಾಗ್ತದೆ. ಒಂದೆರಡು ದಿನದಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತರೆ ಕೊಯ್ದು ನೋಡಬೇಡಿ, ಕೆರೆಗೆ ಎಸೆಯಬೇಡಿ, ಉಳಿದವನ್ನು ಅವಸರದಲ್ಲಿ ಸಂತೆಗೆ ಒಯ್ಯಬೇಡಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನು ದೂರ ಇಟ್ಟು, ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.